ಗಾಡಿಯ ಮೇಲೆ ಕೂತ ಖೋಲಿ

ಹೋದ ವಾರ ಶೆಡ್ಡಿನಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ್ದ ರಬ್ಬರ್ ಹಾಳೆಯನ್ನು ಹೊರಗೆ ಎಳೆದು ಬಿಸಿಲಿಗೆ ಹರವಿದೆ. ದಪ್ಪನೆಯ ಕಪ್ಪು ಹಾಳೆ. ಯಾವುದೋ ಕಾರ್ಖಾನೆಯಲ್ಲಿ ಸಾಮಾನು ಸಾಗಿಸುವ ಪಟ್ಟಿಯಾಗಿ ದುಡಿದು, ಸವೆದು, ಗುಜರಿಗೆ ಬಿದ್ದು, ಅಲ್ಲಿಂದ ನನ್ನ ಪಿಕಪ್ ಗಾಡಿಗೆ ಬಂದದ್ದು. ಬಿಸಿಲು ಏರಿದಂತೆ ಅದರಿಂದ ವಾಸನೆ ಎದ್ದಿತು. ಕಾದ ರಬ್ಬರಿನ ವಾಸನೆ, ಅದರೊಳಗೆ ಎಲ್ಲೋ ಚೂರು ಅರಿಸಿನದ್ದು, ಎಂದೋ ಚೆಲ್ಲಿದ ಚಹಾದ್ದು… ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಎದುರುಮನೆ ಕಾಕಾ ಬೆನ್ನ ಹಿಂದೆ ಬಂದು ನಿಂತು, “ಮಡಿಕಿ ಬೀಳದಂಗ ಹಾಸೋ ತಮ್ಮಾ” ಎಂದ ಹಾಗಾಯಿತು.

ಬೆನ್ನ ಹಿಂದೆ ಯಾರೂ ಇರಲಿಲ್ಲ. ಕಾಕಾ ತೀರಿಹೋಗಿ ಆಗಿನ್ನೂ ತಿಂಗಳು ತುಂಬಿರಲಿಲ್ಲ. ಅವರ ಮಗಳು ಶಂಶಾಬಾದಿನಲ್ಲಿದ್ದಾಳೆ, ವಿಮಾನ ನಿಲ್ದಾಣದಲ್ಲಿ ಕೆಲಸ. ಹಿಂದಿನ ದಿನ ಫೋನ್ ಮಾಡಿ, “ಅಣ್ಣಾ, ಅಪ್ಪಾರ ಕಪಾಟು ನೀನೇ ತಂದುಕೊಡು. ಬ್ಯಾರೆಯವರ ಗಾಡಿಗೆ ಹಾಕಬ್ಯಾಡ” ಎಂದಿದ್ದಳು. ಕಪಾಟಿನ ಕೆಳಗೆ ಹಾಸಲೆಂದೇ ಆ ಹಾಳೆಯನ್ನು ತೆಗೆದದ್ದು.

ಕಾಕಾ ನಮಗೆ ಸಂಬಂಧಿಕರಲ್ಲ. ಬಾಲಾನಗರದ ನಮ್ಮ ಗಲ್ಲಿಯಲ್ಲಿ ಅವರ ಬಾಗಿಲು ನಮ್ಮ ಬಾಗಿಲಿಗೆ ಎದುರು. ನಮ್ಮ ತಂದೆ ಬೀದರ ಕಡೆಯವರು, ಕಾಕಾ ಬಿಜಾಪುರ ಕಡೆಯವರು. ಇಬ್ಬರೂ ಕೇಂದ್ರ ಸರ್ಕಾರದ ಒಂದೇ ಕಾರ್ಖಾನೆಗೆ ನೌಕರಿಗೆ ಬಂದು, ಒಂದೇ ಗಲ್ಲಿಯಲ್ಲಿ ಮನೆ ಹಿಡಿದವರು. ತಂದೆ ಬೇಗ ತೀರಿಕೊಂಡರು. ಆಮೇಲೂ ಕಾಕಾ ನನ್ನ ತಾಯಿಯನ್ನು “ವೈನಿ” ಎಂದು ಅಣ್ಣನ ಹೆಂಡತಿಯ ಹಾಗೆಯೇ ಕರೆಯುತ್ತಿದ್ದರು. ತಾಯಿ ನಮ್ಮ ಬಾಯಿಯ ಮಾತನ್ನೇ ಹಿಡಿದು ಅವರನ್ನು “ಕಾಕಾರ” ಎನ್ನುತ್ತಿದ್ದಳು.

ಕಾರ್ಖಾನೆಯಲ್ಲಿ ಅವರದು ತಯಾರಾದ ಭಾಗಗಳನ್ನು ಕೊನೆಗೆ ಪರೀಕ್ಷೆ ಮಾಡುವ ಕೆಲಸ. ಅವರು “ಪಾಸ್” ಎನ್ನದೆ ಯಾವುದೂ ಗೇಟು ದಾಟುವಂತಿರಲಿಲ್ಲ. ಆ ಮಾತು ಅವರ ಜೊತೆ ಗಲ್ಲಿಗೂ ಬಂದಿತ್ತು. ಯಾರಾದರೂ ಹೊಸ ಕುಕ್ಕರ್ ತಂದರೆ, ಹೊಸ ಸೈಕಲ್ ತಂದರೆ, ಒಮ್ಮೊಮ್ಮೆ ವರನ ಫೋಟೋ ಬಂದರೂ ಕಾಕಾನ ಕೈಗೆ ಕೊಡುತ್ತಿದ್ದರು. ಅವರು ಅದನ್ನು ಹೊರಳಿಸಿ, ಬೆಳಕಿಗೆ ಹಿಡಿದು, ಬಹಳ ಹೊತ್ತಿನ ಮೇಲೆ ಆ ಒಂದು ಮಾತು ಹೇಳುತ್ತಿದ್ದರು. ಕೆಲವೊಮ್ಮೆ ಹೇಳುತ್ತಿರಲಿಲ್ಲ. ಗಲ್ಲಿಯ ಕೊನೆಯ ಮನೆಯವರು ಮಗಳ ಮದುವೆಗೆಂದು ಮಂಚ ತಂದಾಗ ಕಾಕಾ ಅದರ ಕಾಲನ್ನು ಒಂದು ಸಲ ಅಲುಗಿಸಿ ನೋಡಿ, “ಇದರ ಮ್ಯಾಲೆ ಮಲಗೂದಕಿಂತ ಕೆಳಗ ಮಲಗೂದು ಚಲೋ” ಎಂದುಬಿಟ್ಟರು. ಆ ಮನೆಯವರು ಮದುವೆಗೆ ಇಡೀ ಗಲ್ಲಿಯನ್ನು ಕರೆದರು, ಕಾಕಾನನ್ನು ಕರೆಯಲಿಲ್ಲ. ಕಾಕಾ ಅದಕ್ಕೇನೂ ಬೇಸರ ಮಾಡಿಕೊಳ್ಳಲಿಲ್ಲ. ಮಂಚ ಏನಾಯಿತು ಎಂದು ಮಾತ್ರ ಆಗಾಗ ವಿಚಾರಿಸುತ್ತಿದ್ದರು.

ಮೆಣಸಿನಕಾಯಿ ತೊಟ್ಟಿನಂಥ ಮೈ. ತುಂಬುತೋಳಿನ ಅಂಗಿ. ನಿವೃತ್ತಿಯಾದ ಮೇಲೂ ಜೇಬಿನಲ್ಲಿ ಪೆನ್ನಿನ ಬದಲು ಸೀಮೆಸುಣ್ಣದ ಒಂದು ತುಂಡು ಇರುತ್ತಿತ್ತು. ಒಗೆಯಲು ಹಾಕುವಾಗ ಅವರ ಹೆಂಡತಿ, ನಮ್ಮ ಕಾಕು, ದಿನವೂ ಅದನ್ನು ತೆಗೆದಿಟ್ಟು ದಿನವೂ ಬೈಯುತ್ತಿದ್ದರು.

ನಾನು ಹೇಳಹೊರಟದ್ದು ಹೈದರಾಬಾದು ಇನ್ನೂ ಇಡೀ ಆಂಧ್ರಕ್ಕೆ ರಾಜಧಾನಿಯಾಗಿದ್ದ ದಿನಗಳ ಮಾತು. ನನ್ನ ಗಾಡಿಯ ನಂಬರು ಆಗ ಎ.ಪಿ. ಎಂದು ಶುರುವಾಗುತ್ತಿತ್ತು. ಹತ್ತನೆಯ ತರಗತಿಯ ಮೇಲೆ ನನಗೆ ಓದು ಹತ್ತಲಿಲ್ಲ. ಒಂದು ಪಿಕಪ್ ಇಟ್ಟುಕೊಂಡು ಬಾಲಾನಗರದ ವರ್ಕ್‌ಶಾಪುಗಳಿಗೆ ಸಾಮಾನು ಸಾಗಿಸುತ್ತಿದ್ದೆ. ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನಿಗೆ ಪೆಟ್ಟಾಗಿತ್ತು. ಮಲಗಿದರೆ ಸರಿ, ಕೂತರೆ ಸ್ವಲ್ಪ ಹೊತ್ತಿಗೇ ಮುಖ ಕಪ್ಪಿಡುತ್ತಿತ್ತು. ಡಾಕ್ಟರು ಕೂರಲೇಬಾರದು, ಕುಲುಕಲೂಬಾರದು ಎಂದಿದ್ದರು.

ಆಗ ಹುಮನಾಬಾದಿನಿಂದ ಸುದ್ದಿ ಬಂತು. ಅಲ್ಲಿ ನನ್ನ ದೊಡ್ಡವ್ವ, ತಾಯಿಯ ಬೆನ್ನಿಗೆ ನಿಂತು ಬೆಳೆಸಿದ ಅಕ್ಕ. ಸಕ್ಕರೆ ಕಾಯಿಲೆಯಿಂದ ಆಕೆಯ ಕಾಲಿನ ಹುಣ್ಣು ಮಾಯುತ್ತಿರಲಿಲ್ಲ, ಕಣ್ಣೂ ಹೋಗುತ್ತಾ ಬಂದಿತ್ತು. ಆಕೆಯ ಮಗ ಫೋನಿನಲ್ಲಿ ಹೇಳಿದ: “ಮುಂಜಾನಿ ಬೆಳಕಿನಾಗ ಮಾರಿ ಗುರುತು ಹಿಡೀತಾಳ. ಮಧ್ಯಾಹ್ನ ಆತಂದ್ರ ಬರೇ ನೆಳ್ಳು. ಪೂರಾ ಹೋಗೂದ್ರೊಳಗ ತಂಗಿ ಮಾರಿ ಒಮ್ಮೆ ನೋಡಬೇಕಂತ ಹಟಾ ಹಿಡದಾಳ.”

ತಾಯಿಯೂ ಹಟ ಹಿಡಿದಳು. ರೈಲು ಹತ್ತಿಸುವುದು ಆಗದ ಮಾತು. ಅಂಬುಲೆನ್ಸ್ ಮಾಡೋಣವೆಂದರೆ ಒಪ್ಪಲಿಲ್ಲ. “ಅಂಬುಲೆನ್ಸಿನಾಗ ಹೋಗಿ ಬಾಗಲದಾಗ ಇಳದ್ರ ಹೆಣಾ ಬಂತು ಅಂತಾರ. ಕಣ್ಣ ಕಾಣಲಾರದಾಕಿ ಎದಿ ಒಡ್ಕೋತಾಳ. ನಾ ಮನ್ಯಾಗಿಂದ ಬಂದಂಗ ಹೋಗಬೇಕು.”

ಈ ಮಾತನ್ನು ಕಾಕಾ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೇಳಿಸಿಕೊಂಡರು. ಮರುದಿನ ನನ್ನನ್ನು ಒಂದು ಗುಜರಿ ಅಂಗಡಿಗೆ ಕರೆದುಕೊಂಡು ಹೋದರು. ಅಲ್ಲಿ ಹಾಳು ಯಂತ್ರಗಳ ನಡುವೆ ಒಂದು ಪುಟ್ಟ ಮನೆ ನಿಂತಿತ್ತು. ಕಾಡುಮೇಡು ಅಳೆಯುವ ಯಾವುದೋ ಕಂಪನಿಯವರು ಅಲ್ಲಲ್ಲೇ ತಂಗಲು ಮಾಡಿಸಿಕೊಂಡದ್ದಂತೆ. ತಗಡಿನ ಮೈ, ಒಳಗೆ ಹಲಗೆ, ಎರಡು ಕಿಟಕಿ, ಹಿಂದೆ ಒಂದು ಬಾಗಿಲು. ನಾಲ್ಕು ಮೂಲೆಗೆ ನಾಲ್ಕು ಕಬ್ಬಿಣದ ಕಾಲು. ಹಿಡಿಕೆ ತಿರುಗಿಸಿದರೆ ಕಾಲು ಉದ್ದವಾಗಿ ಇಡೀ ಕೋಣೆ ಮೇಲೇಳುತ್ತದೆ. ಕೆಳಗೆ ಪಿಕಪ್ಪನ್ನು ಹಿಂದಕ್ಕೆ ಹೊಗಿಸಿ, ಮತ್ತೆ ಹಿಡಿಕೆ ತಿರುಗಿಸಿದರೆ ಕೋಣೆ ಗಾಡಿಯ ಮೇಲೆ ಕೂರುತ್ತದೆ. ಬೇಡವಾದಾಗ ಹಾಗೆಯೇ ಇಳಿಸಿ ಗಾಡಿಯನ್ನು ಬೇರೆ ಕೆಲಸಕ್ಕೆ ಒಯ್ಯಬಹುದು. ಕಾಕಾ ಅದರ ಸುತ್ತ ಬಂದು, ಬಡಿದು ನೋಡಿ, ಒಳಗೆ ಹೋಗಿ ನೆಲದ ಮೇಲೆ ಅಂಗಾತ ಮಲಗಿ ಎದ್ದು ಬಂದರು.

“ಡಬ್ಬಿ ಗಟ್ಟಿ ಐತಿ” ಎಂದರು. ಪಾಸ್ ಎನ್ನಲಿಲ್ಲ.

ಅದನ್ನು ತಂದು ಮನೆಯ ಪಕ್ಕದ ಬಯಲಿನಲ್ಲಿ ನಿಲ್ಲಿಸಿದೆವು. ಕಿಟಕಿಯಿಂದ ನೋಡಿದ ತಾಯಿಗೆ ಖುಷಿಯೋ ಖುಷಿ. ಆಕೆಗೆ ಅದು ಡಬ್ಬಿಯಲ್ಲ, ಖೋಲಿ. ಅಷ್ಟರಲ್ಲಿ ಕಾಕಾ ತಾರ್ನಾಕದಲ್ಲಿದ್ದ ನೆಂಟರ ಮನೆಗೆ ಒಂದು ಪೂಜೆಗೆಂದು ಹೋದರು. ಅವರು ಬರುವುದರೊಳಗೆ ಎಲ್ಲ ಸಿದ್ಧ ಮಾಡಿಬಿಡೋಣ ಎಂದು ತಾಯಿ, ನಾನು, ನನ್ನ ಹೆಂಡತಿ ಸೇರಿ ಒಳಗಿನ ವ್ಯವಸ್ಥೆಗೆ ಇಳಿದೆವು.

ಮನೆ ಎಂದ ಮೇಲೆ ಮನೆಯ ಶಾಸ್ತ್ರ. ತಾಯಿ ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳುತ್ತಾ ಹೋದಳು. ಬಾಗಿಲು ಪೂರ್ವಕ್ಕೆ ಇರಬೇಕು; ಖೋಲಿಯನ್ನು ಹಾಗೇ ನಿಲ್ಲಿಸಿದೆವು. ನೀರು ಈಶಾನ್ಯಕ್ಕೆ ಇರಬೇಕು. ದೊಡ್ಡ ನೀರಿನ ಡ್ರಮ್ಮನ್ನು ಅಲ್ಲಿಟ್ಟೆವು. ಒಲೆ ಆಗ್ನೇಯಕ್ಕೆ, ಗ್ಯಾಸ್ ಒಲೆ, ಸಿಲಿಂಡರ್, ಪಾತ್ರೆ, ಬೇಳೆಕಾಳಿನ ಡಬ್ಬಗಳು ಅಲ್ಲಿ. ಬಾಗಿಲೇ ಪೂರ್ವಕ್ಕಿದ್ದುದರಿಂದ ಈ ಎರಡೂ ಮೂಲೆಗಳು ಬಾಗಿಲ ಅಕ್ಕಪಕ್ಕ ಬಂದವು. ನಡುವೆ ಅಡ್ಡಲಾಗಿ ತಾಯಿಯ ಹಾಸಿಗೆ, ದಕ್ಷಿಣಕ್ಕೆ ತಲೆ. ಹಾಲು ಉಕ್ಕಿಸಿದೆವು, ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಿದೆವು. ಗಾಡಿಯ ಮೇಲೆ ಕೂರಿಸುವಾಗ ಮುಂದಿನ ಹಲಗೆಗೂ ಖೋಲಿಗೂ ನಡುವೆ ಒಂದು ಸಂದು ಬಿಟ್ಟೆ, ಸ್ಟೆಪ್ನಿ ಟೈರು ಇಡಲು ಅನುಕೂಲವೆಂದು. ಖೋಲಿಯ ಹಿಂಭಾಗ ಗಾಡಿಯಿಂದ ಸ್ವಲ್ಪ ಹೊರಚಾಚಿತು. ಬಾಗಿಲ ಮುಂದೆ ಪಡಸಾಲೆ ಬಂದ ಹಾಗೆ ಅಂದವಾಗಿಯೇ ಕಂಡಿತು.

ಕಾಕಾ ಬಂದವರು ಮನೆಗೂ ಹೋಗದೆ ಚೀಲ ಹಿಡಿದುಕೊಂಡೇ ಗಾಡಿಯ ಮುಂದೆ ನಿಂತರು. ಹಿಂದೆ ಹೋದರು. ಮತ್ತೆ ಮುಂದೆ ಬಂದರು. “ವೈನಿನ್ನ ಕೂಡ್ರಸಬ್ಯಾಡ. ನಾವಿಬ್ಬರ ಒಂದ್ ಸುತ್ತು ಹೋಗಿ ಬರೂಣು” ಎಂದರು.

ಮೇಡ್ಚಲ್ ರಸ್ತೆಗೆ ಹೋದೆವು. ಸ್ಟೇರಿಂಗು ಬೆಣ್ಣೆಯ ಹಾಗಿತ್ತು, ಒಂದು ಬೆರಳಿಗೆ ತಿರುಗುತ್ತಿತ್ತು. ನನಗೆ ಹಿಗ್ಗು.

“ಭಾರೀ ಹಗುರ ಆಗೇತ್ರಿ ಕಾಕಾ.”

“ಯಾಕ ಹಗುರ ಆತು, ವಿಚಾರ ಮಾಡಿ ಏನು?”

ನಾನು ವಿಚಾರ ಮಾಡುವುದರೊಳಗೆ ಒಂದು ತಿರುವು ಬಂತು. ಚಕ್ರ ತಿರುಗಿಸಿದೆ. ಒಂದು ಗಳಿಗೆ ಗಾಡಿ ತಿರುಗಲೇ ಇಲ್ಲ… ನೆಟ್ಟಗೆ, ರಸ್ತೆಯ ಅಂಚಿನ ಕಲ್ಲಿನ ಕಡೆಗೇ ಹೋಯಿತು. ಆಮೇಲೆ ಏನನ್ನೋ ನೆನಪು ಮಾಡಿಕೊಂಡಂತೆ ತಿರುಗಿತು. ಹಿಂದಿನ ಖೋಲಿ ಮಾತ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ ನಿಂತಿತು. ಬದಿಗೆ ನಿಲ್ಲಿಸಿದೆ. ಕಾಕಾ ಎರಡು ಕೈಯಲ್ಲೂ ಮುಂದಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಆಮೇಲೆ ಕೈ ಬಿಟ್ಟು, “ಹೊಳ್ಳಿ ಮೆಲ್ಲಕ ನಡಿ” ಎಂದರು. ಬೈಯಲಿಲ್ಲ.

ಮನೆಗೆ ಬಂದು ತಾಯಿಯ ಹಾಸಿಗೆಯ ಪಕ್ಕ ಕೂತು ನನ್ನ ಹೆಂಡತಿಯಿಂದ ಲಟ್ಟಣಿಗೆ ಮತ್ತು ಒಂದು ಉದ್ದನೆಯ ಹಲಗೆ ತರಿಸಿದರು. ಲಟ್ಟಣಿಗೆಯ ಮೇಲೆ ಹಲಗೆ ಇಟ್ಟು, ಅದರ ಮುಂಭಾಗ ಉದ್ದ, ಹಿಂಭಾಗ ಗಿಡ್ಡ ಮಾಡಿದರು.

“ನೋಡ್ರಿ ವೈನಿ. ಲಟ್ಟಣಗಿ ಅಂದ್ರ ಹಿಂದಿನ ಗಾಲಿ ಅಚ್ಚು. ಹಲಗಿ ಅಂದ್ರ ಗಾಡಿ. ನಿಮ್ಮ ನೀರು, ನಿಮ್ಮ ಒಲಿ ಎರಡೂ ಅಚ್ಚಿನ ಹಿಂದ ಅದಾವ.” ಹಲಗೆಯ ಹಿಂದಿನ ತುದಿಗೆ ಬೆರಳು ಒತ್ತಿದರು. ಮುಂದಿನ ತುದಿ ನೆಲ ಬಿಟ್ಟು ಎದ್ದಿತು. “ಮೂಗು ಎತ್ತಿತು. ಗಾಡಿ ತಿರಗೂದು ಮುಂದಿನ ಗಾಲಿ ಮ್ಯಾಲೆ. ಅವು ನೆಲಾ ಬಿಟ್ರ ನಿಮ್ಮ ಮಗಾ ಏನ್ ಗಾಳಿ ತಿರುವಬೇಕೇನು? ನೀರು, ಒಲಿ ಮುಂದ ತರಬೇಕು. ಡಬ್ಬಿನೂ ಸಂದಿಲ್ಲದಂಗ ಮುಂದಿನ ಹಲಗಿಗೆ ಹತ್ತಿ ಕೂಡಬೇಕು.”

“ಖೋಲಿ ಮುಂದ ಸರಸ್ಕೋರಿ, ನಾ ಬ್ಯಾಡನ್ನಂಗಿಲ್ಲ. ಮೂಲಿ ಬಿಟ್ಟು ಒಲಿ ಸರಸೂದು ಆಗಂಗಿಲ್ಲ. ಹಾಲು ಉಕ್ಕಿಸಿದ ಮನಿ ಅದು” ಎಂದಳು ತಾಯಿ.

“ವೈನಿ, ಗಾಡಿ ಹೊಳ್ಳಿದಂಗ ಮೂಲಿನೂ ಹೊಳ್ಳತಾವ. ಬಾಲಾನಗರದಾಗ ಆಗ್ನೇಯ ಇದ್ದದ್ದು ಪಟಾನ್‌ಚೆರುವಿನಾಗ ಇರಂಗಿಲ್ಲ.”

“ಯಾಕ ಇರಂಗಿಲ್ಲ? ಮನಿ ಕಟ್ಟಿ ನಿಲ್ಲಿಸಿದಾಗ ಯಾವ ಮೂಲಿನೋ ಅದೇ ಅದರ ಮೂಲಿ. ನಾ ಮಗ್ಗಲಾ ಹೊಳ್ಳಿದೆ ಅಂದ್ರ ನನ್ನ ಬಲಗೈ ಎಡಗೈ ಆಕ್ಕೈತೇನು?”

ಕಾಕಾ ಹಲಗೆಯನ್ನೂ ಲಟ್ಟಣಿಗೆಯನ್ನೂ ಎತ್ತಿ ಗೋಡೆಗೆ ಒರಗಿಸಿ ಎದ್ದರು. ಬಾಗಿಲಲ್ಲಿ ನಿಂತು, “ಮಾತು ಖರೇ ಐತಿ” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ಆದ್ರೂ ಗಾಡಿ ಹೊರಡಂಗಿಲ್ಲ” ಎಂದರು.

ಖೋಲಿಯನ್ನು ಮತ್ತೆ ಬಯಲಿಗೆ ಇಳಿಸಿದೆ. ಆ ದಿನಗಳು ನನಗೆ ಕಷ್ಟವಾದವು. ತಾಯಿ ಮಾತು ಬಿಟ್ಟಳು. ಕಾಕಾ ನಮ್ಮ ಕಟ್ಟೆಗೆ ಬರುವುದು ಬಿಟ್ಟರು. ಬಯಲಿನಲ್ಲಿ ಒಬ್ಬರೇ ನಿಂತು ಖೋಲಿಯನ್ನು ನೋಡುತ್ತಿದ್ದರು, ತಲೆಯೆತ್ತಿ ಸೂರ್ಯನನ್ನು ನೋಡುತ್ತಿದ್ದರು, ಮತ್ತೆ ಖೋಲಿಯನ್ನು ನೋಡುತ್ತಿದ್ದರು. ಹುಮನಾಬಾದಿನಿಂದ ಮತ್ತೆ ಫೋನ್ ಬಂತು. ದೊಡ್ಡವ್ವ ಬೆಳಿಗ್ಗೆ ಸೊಸೆಯನ್ನು ಮಗಳು ಎಂದುಕೊಂಡು ಮಾತಾಡಿಸಿದಳಂತೆ. ಮುಂಜಾನೆಯ ಬೆಳಕಿನಲ್ಲೂ ಹಾಗಾಗಿದ್ದು ಅದೇ ಮೊದಲಂತೆ. ಸಿಟ್ಟು ಬಂದು ಕಾಕಾನ ಮನೆಗೆ ಹೋದೆ. ಮೆಲ್ಲಗೆ ಓಡಿಸಿಕೊಂಡು ಹೋಗಿಬಿಡುತ್ತೇನೆ, ಏನಾಗುತ್ತದೆ, ಬಿಡಿ ಎಂದೆ.

ಅವರು ನನ್ನನ್ನೇ ನೋಡಿದರು. “ನೀ ಮೆಲ್ಲಕ ಹೋಗ್ತಿ. ಎದರಿಗೆ ಬರಾವ ಮೆಲ್ಲಕ ಬರ್ತಾನೇನು? ಅವ್ವನ್ನ ಮಲಗಿಸಿ ಕಟ್ಟಿರ್ತಿ, ಆಕಿಗೆ ಎದ್ದು ಜಿಗಿಯಾಕೂ ಬರಂಗಿಲ್ಲ.” ಆಮೇಲೆ, “ನಿಮ್ಮ ದೊಡ್ಡವ್ವನ ಕಣ್ಣಿನ ವಿಚಾರ ನನಗೂ ಐತೋ” ಎಂದರು. ಅವರ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ನಾನು ಮನೆಗೆ ಬಂದೆ.

ಅದೇ ಸಂಜೆ ಅವರು ನಮ್ಮ ಮನೆಗೆ ಬಂದರು. ತಾಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

“ವೈನಿ, ಒಂದs ಮಾತು ಕೇಳಿ ಹೋಗ್ತೀನಿ. ಮನಿ ಬಾಗಲಾ ಪಶ್ಚಿಮಕ್ಕ ಇದ್ರ ನಡೀತದೇನ್ರಿ?”

ತಾಯಿ ತಿರುಗಿದಳು. “ಯಾಕ ನಡಿಯಂಗಿಲ್ಲ? ಹುಮನಾಬಾದಿನಾಗ ನಮ್ಮ ತವರಮನಿ ಬಾಗಲಾ ಪಶ್ಚಿಮಕ್ಕs ಐತಿ. ನಾವೇನ್ ಹಾಳಾಗಿ ಹೋಗೀವೇನು?”

“ಇಲ್ರಿ. ಕೇಳಿದೆ ಅಷ್ಟ” ಎಂದು ಎದ್ದು ಹೋದರು.

ಮರುದಿನ ಬೆಳಿಗ್ಗೆ ನನ್ನಿಂದ ಖೋಲಿಯನ್ನು ಗಾಡಿಯ ಮೇಲೆ ಹೇರಿಸಿ, ಬಯಲಿನಲ್ಲಿ ಗಾಡಿಯನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಕಾಲು ಇಳಿಸಿ ಖೋಲಿಯನ್ನು ನೆಲಕ್ಕೆ ನಿಲ್ಲಿಸಿದರು. ಈಗ ಅದರ ಬಾಗಿಲು ಪಶ್ಚಿಮಕ್ಕಿತ್ತು. ಗಾಡಿಯ ಮೂತಿಯ ಕಡೆ ಬರುವ ಗೋಡೆ ಪೂರ್ವಕ್ಕೆ ಬಂದಿತ್ತು. ಏಕೆ ಎಂದು ನಾನು ಕೇಳಿದೆ. “ವೈನಿ ಹೇಳ್ತಾರ ತಡಿ” ಎಂದು ಕಲ್ಲಿನ ಮೇಲೆ ಕೂತು ಕಾಯತೊಡಗಿದರು.

ಬಹಳ ಹೊತ್ತು ಕಾಯಬೇಕಾಗಲಿಲ್ಲ. ಕಿಟಕಿಯಿಂದ ತಾಯಿಯ ದನಿ ಬಂತು. “ಅಯ್ಯಯ್ಯ, ಏನ್ ಮಾಡಿದ್ರೋ! ನೀರು ನೈರುತ್ಯಕ್ಕ ಬಂತಲ್ಲೋ! ಒಲಿ ವಾಯವ್ಯಕ್ಕ ಹೋತು! ಕಣ್ಣಿಲ್ಲೇನು ನಿಮಗ?”

“ಹೌದೇನ್ರಿ ವೈನಿ? ಹಂಗಾದ್ರ ಎಲ್ಲಿ ಇಡಬೇಕ್ರಿ?”

“ಎಲ್ಲಿ ಅಂತ ಬ್ಯಾರೆ ಕೇಳ್ತೀರಿ. ನೀರು ಈಶಾನ್ಯಕ್ಕ, ಒಲಿ ಆಗ್ನೇಯಕ್ಕ. ಈಗಿಂದೀಗ ಸರಸ್ರಿ!”

ಬಾಗಿಲು ಪಶ್ಚಿಮಕ್ಕಿದ್ದ ಖೋಲಿಯಲ್ಲಿ ಈಶಾನ್ಯ, ಆಗ್ನೇಯ ಎರಡೂ ಈಗ ಮುಂದಿನ ಗೋಡೆಯ ಮೂಲೆಗಳು. ಅಚ್ಚಿಗಿಂತ ಬಹಳ ಮುಂದೆ. ಎಡಕ್ಕೆ ನೀರು, ಬಲಕ್ಕೆ ಒಲೆ, ಸಿಲಿಂಡರ್, ಕಾಳಿನ ಡಬ್ಬಗಳು. ಎಡಬಲ ತೂಕವೂ ಹೆಚ್ಚುಕಡಿಮೆ ಸಮ. ನಾನು ಡ್ರಮ್ಮನ್ನು ಹೊರಳಿಸುತ್ತಾ ಕಾಕಾನ ಮುಖ ನೋಡಿದೆ. ಅವರು ನಗಲಿಲ್ಲ. ಸಿಲಿಂಡರನ್ನು ಗೋಡೆಗೆ ಬಿಗಿಯುವುದರಲ್ಲಿ ಮುಳುಗಿದ್ದರು. ಹಾಸಿಗೆ ನಡುವೆಯೇ ಉಳಿಯಿತು, ತಲೆದಿಂಬು ಮಾತ್ರ ಈ ಕಡೆಯಿಂದ ಆ ಕಡೆಗೆ ಹೋಯಿತು. ನನ್ನ ಹೆಂಡತಿ ಮತ್ತೊಮ್ಮೆ ಹಾಲು ಉಕ್ಕಿಸಿದಳು.

ಗಾಡಿಯ ಮೇಲೆ ಕೂರಿಸುವ ಕೆಲಸ ಆಮೇಲೆ. ಬರಿ ಗಾಡಿ ನಿಂತಿದ್ದಾಗಲೇ ಕಾಕಾ ಒಂದು ಬಿದಿರು ಕೋಲನ್ನು ಮುಂದಿನ ಚಕ್ರದ ಪಕ್ಕ ನೆಲಕ್ಕೆ ನಿಲ್ಲಿಸಿ, ಮಡ್‌ಗಾರ್ಡಿನ ಅಂಚು ಎಲ್ಲಿಗೆ ಬರುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಹಿಂದಿನ ಚಕ್ರಕ್ಕೂ ಹಾಗೇ. ಈ ರಬ್ಬರ್ ಹಾಳೆಯನ್ನು ಗಾಡಿಯ ನೆಲಕ್ಕೆ ಹಾಸಿಸಿದರು, ತಗಡಿನ ಮೇಲೆ ತಗಡು ಜಾರಬಾರದೆಂದು. ಸ್ಟೆಪ್ನಿಯ ಸಂದು ಹೋಯಿತು. ಖೋಲಿ ಮುಂದಿನ ಹಲಗೆಗೆ ಅಂಟಿ ಕೂತಿತು. ಅಕ್ಕಪಕ್ಕ ಸರಿಯದಂತೆ ಮರದ ತುಂಡು ಹೊಡೆಸಿದರು. ನಾಲ್ಕು ಮೂಲೆಯ ಕೊಕ್ಕೆಗಳನ್ನು ಒಂದಾದ ಮೇಲೆ ಅದರ ಎದುರು ಮೂಲೆಯದು, ಹಾಗೆ ಬಿಗಿಸಿದರು. ಡ್ರಮ್ಮಿಗೆ ನೀರನ್ನು ಬಾಯಿತನಕ ತುಂಬಿಸಿದರು. ಅರ್ಧ ಇದ್ದರೆ ನೀರು ತಾನೇ ಓಡಾಡಿ ಗಾಡಿಯನ್ನು ತೂಗಿಸುತ್ತದಂತೆ. ಕೊನೆಗೆ ಅದೇ ಕೋಲು ತಂದು ಮತ್ತೆ ನಿಲ್ಲಿಸಿದರು. ಹಿಂದಿನ ಅಂಚು ಗೆರೆಯಿಂದ ಕೆಳಗಿಳಿದಿತ್ತು, ಭಾರ ಬಿದ್ದ ಮೇಲೆ ಸರಿಯೇ. ಮುಂದಿನದೂ ಚೂರು ಇಳಿದಿತ್ತು.

“ಈಗ ಮುಂದಿನ ಗಾಲಿನೂ ಕೂತಾವ” ಎಂದರು. ಆಗಲೂ ಪಾಸ್ ಎನ್ನಲಿಲ್ಲ.

ಆ ಸಂಜೆ ತಾಯಿ ಅವರಿಗೆ ಚಹಾ ಕೊಡಿಸಿ, “ಕಾಕಾರ, ಗಾಡಿ ನೀವು ಸುಮ್ಮಸುಮ್ಮನ ಹೊಳ್ಳಿಸಿಲ್ಲ. ನನಗೇನ್ ತಿಳಿಯಂಗಿಲ್ಲಂತ ತಿಳದೀರೇನು?” ಎಂದಳು.

“ತಿಳೀತದ್ರಿ. ಅದಕ್ಕs ಹೊಳ್ಳಿಸಿದ್ದು.”

“ಮೊದಲs ಬಾಯಿಬಿಟ್ಟು ಹೇಳಬಾರದಾಗಿತ್ತೇನು?”

“ಹೇಳಿದ್ದೆನಲ್ರಿ, ಅಚ್ಚಿನ ಮಾತು. ಅದು ನನ್ನ ಮಾತು. ನಿಮ್ಮ ಮಾತಿನಾಗ ಹೇಳಾಕ ನನಗ ಇಷ್ಟ ದಿನಾ ಹಿಡೀತು.”

ಎಷ್ಟೋ ವರ್ಷಗಳ ಮೇಲೆ ಈಗ ಬರೆಯುತ್ತಾ ಕೂತಾಗ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಾಗುವುದು ಈ ಮಾತೇ. ಅವರು ಬೇಕಾಗಿದ್ದರೆ ತಾಯಿಯನ್ನು ನಗೆಗೀಡು ಮಾಡಬಹುದಿತ್ತು. ಮಗನಾದ ನನ್ನಿಂದ ಜೋರು ಮಾಡಿಸಬಹುದಿತ್ತು. ಕದ್ದು ಡ್ರಮ್ಮು ಸರಿಸಿ, ಸರಿಸಿಲ್ಲ ಎನ್ನಬಹುದಿತ್ತು. ಮಲಗಿದ್ದ ತಾಯಿಗೆ ಏನು ಕಾಣುತ್ತಿತ್ತು? ಅವರು ಅದಾವುದನ್ನೂ ಮಾಡಲಿಲ್ಲ. ಅಚ್ಚಿನ ಲೆಕ್ಕವನ್ನೂ ಬಿಡಲಿಲ್ಲ, ತಾಯಿಯ ಲೆಕ್ಕವನ್ನೂ ಸುಳ್ಳು ಮಾಡಲಿಲ್ಲ. ಎರಡೂ ಕೂಡುವ ಜಾಗ ಸಿಗುವ ತನಕ ಬಿಸಿಲಲ್ಲಿ ನಿಂತರು.

ಮರುದಿನ ಹೊರಟೆವು. ತಾಯಿಯನ್ನು ಮಲಗಿಸಿ, ಎದೆಗೂ ಮೊಣಕಾಲಿಗೂ ಮೆತ್ತನೆಯ ಪಟ್ಟಿ ಕಟ್ಟಿದ್ದೆವು. ನನ್ನ ಹೆಂಡತಿ ಒಳಗೆ ಆಕೆಯ ಜೊತೆ. ಕಾಕಾ ಮುಂದೆ ನನ್ನ ಪಕ್ಕ. ಊರು ದಾಟುತ್ತಿದ್ದಂತೆ ನಿಲ್ಲಿಸಲು ಹೇಳಿ, ಇಳಿದು, ಕೊಕ್ಕೆಗಳನ್ನು ಮತ್ತೊಮ್ಮೆ ಬಿಗಿದರು. “ಮೊದಲನೇ ಬಿಗಿ ಮನಿ ಮುಂದ. ಎರಡನೇದು ರಸ್ತಾದ ಮ್ಯಾಲೆ. ಎರಡನೇದು ಬಿಡಬ್ಯಾಡ” ಎಂದರು.

ಪಟಾನ್‌ಚೆರು ದಾಟಿದ ಮೇಲೆ ದೊಡ್ಡ ರಸ್ತೆ. ಸ್ಟೇರಿಂಗಿನಲ್ಲಿ ಈಗ ತೂಕವಿತ್ತು. ತಿರುಗಿಸಿದಷ್ಟೇ ಗಾಡಿ ತಿರುಗುತ್ತಿತ್ತು. ಸದಾಶಿವಪೇಟೆಯ ಹತ್ತಿರ ಒಂದು ಬಸ್ಸು ಲಾರಿಯನ್ನು ಹಿಂದೆ ಹಾಕಲು ನಮ್ಮ ಮೈಮೇಲೆಯೇ ಬಂತು. ಎಡಕ್ಕೆ ತೆಗೆದೆ, ಬ್ರೇಕ್ ಒತ್ತಿದೆ, ಮತ್ತೆ ಬಲಕ್ಕೆ ತಂದೆ. ಗಾಡಿ ಹೇಳಿದಷ್ಟು ಕೇಳಿತು. ಹಿಂದೆ ಖೋಲಿ ಅಲುಗಲಿಲ್ಲ. ಒಂದು ಬಗೆಯ ಹೆಮ್ಮೆಯಿಂದ ಕಾಕಾನ ಕಡೆ ತಿರುಗಿದೆ, ಈಗಲಾದರೂ ಆ ಮಾತು ಬರುತ್ತದೆ ಎಂದು.

ಕಾಕಾ ನಿದ್ದೆ ಹೋಗಿದ್ದರು. ಕಿಟಕಿಗೆ ತಲೆ ಕೊಟ್ಟು, ಬಾಯಿ ಸ್ವಲ್ಪ ತೆರೆದು, ಎರಡೂ ಕೈ ಮಡಿಲಲ್ಲಿ ಸಡಿಲ ಬಿಟ್ಟು. ಮೇಡ್ಚಲ್ ರಸ್ತೆಯಲ್ಲಿ ಹಿಡಿಕೆಯನ್ನು ಹಿಡಿದಿದ್ದ ಕೈಗಳು…

ತಾಯಿಯ ಬೆನ್ನಿಗಾಗಿ ನಿಂತು ನಿಂತು ಹೋಗಬೇಕಿತ್ತು. ದೊಡ್ಡವ್ವನ ಕಣ್ಣಿಗಾಗಿ ಮುಂಜಾನೆಯೇ ಮುಟ್ಟಬೇಕಿತ್ತು. ಅದಕ್ಕೆ ಜಹೀರಾಬಾದಿನ ಈಚೆ ಒಂದು ಢಾಬಾದ ಅಂಗಳದಲ್ಲಿ ತಂಗಿದೆವು. ಖೋಲಿಯಲ್ಲಿ ಅನ್ನ ಸಾರು ಆಯಿತು. ಬೆಳಗಾಗುವಾಗ ಹೊರಟು, ಬಿಸಿಲು ಎಳೆಯದಾಗಿರುವಾಗಲೇ ಹುಮನಾಬಾದಿನ ಮನೆಯ ಮುಂದೆ ನಿಂತೆವು.

ದೊಡ್ಡವ್ವನನ್ನು ಇಬ್ಬರು ಹಿಡಿದು ಹೊರಗೆ ತಂದರು. ನಾನು ಬಾಗಿಲು ತೆಗೆಯಲು ಓಡಿದೆ. ಕಾಕಾ ತಡೆದರು. ಖೋಲಿಯ ಬಾಗಿಲು ಆಗ ಪಶ್ಚಿಮಕ್ಕಿತ್ತು, ಒಳಗೆ ನೆರಳು. “ಒಳಗ ಕತ್ತಲಿ ಐತಿ. ಆಕಿಗೆ ಏನ್ ಕಾಣ್ತದ? ಗಾಡಿ ಹೊಳ್ಳಿಸು” ಎಂದರು. ತಿರುಗಿಸಿ, ಬಾಗಿಲನ್ನು ಸೂರ್ಯನಿಗೆ ಎದುರು ಮಾಡಿ ತೆರೆದೆವು. ಎಳೆಬಿಸಿಲು ನೇರವಾಗಿ ಒಳಗೆ ಹೋಗಿ ತಾಯಿಯ ಮುಖದ ಮೇಲೆ ಬಿತ್ತು.

“ಮತ್ತ ಮೂಲಿ ಎಲ್ಲಾ ಕೆಡಸಿದ್ರಲ್ರೀ ಕಾಕಾರ” ಎಂದಳು ತಾಯಿ ಕಣ್ಣು ಕಿರಿದು ಮಾಡಿ.

“ಮಗ್ಗಲಾ ಹೊಳ್ಳೇತ್ರಿ ಅಷ್ಟ” ಎಂದರು ಕಾಕಾ.

ದೊಡ್ಡವ್ವನನ್ನು ಎತ್ತಿ ಹಾಸಿಗೆಯ ಪಕ್ಕ ಕೂರಿಸಿದೆವು. ಆಕೆ ತಂಗಿಯ ಮುಖದ ತೀರ ಹತ್ತಿರಕ್ಕೆ ಬಾಗಿದಳು. ಬಹಳ ಹೊತ್ತು ನೋಡಿದಳು.

“ಹಲ್ಲು ಎಲ್ಲಿ ಹೋದುವೇ?” ಎಂದಳು.

“ಹೈದರಾಬಾದಿಗೆ ಕೊಟ್ಟುಬಂದೆ” ಎಂದಳು ತಾಯಿ. ಇಬ್ಬರೂ ನಕ್ಕರು, ಆಮೇಲೆ ಅತ್ತರು. ಕಾಕಾ ಗಾಡಿಯ ಹಿಂದೆ ಹೋಗಿ ಟೈರು ನೋಡುತ್ತಾ ನಿಂತರು.

ಆ ಚಳಿಗಾಲದಲ್ಲಿ ದೊಡ್ಡವ್ವನಿಗೆ ಬೆಳಕು ಪೂರ್ತಿ ಹೋಯಿತು. ಆದರೆ ಫೋನ್ ಮಾಡಿದಾಗಲೆಲ್ಲ, “ನಿನ್ನ ಮಾರಿ ನನ್ನ ಕಡೆ ಐತಿ” ಎನ್ನುತ್ತಿದ್ದಳು. ಈಗ ಅಕ್ಕ ತಂಗಿ ಇಬ್ಬರೂ ಇಲ್ಲ. ಖೋಲಿಯನ್ನು ಊರೂರು ತಿರುಗುವ ಜೇನು ಸಾಕುವವರು ಒಯ್ದರು. ರಾಜ್ಯ ಎರಡಾಯಿತು, ನನ್ನ ಗಾಡಿಯೂ ಬದಲಾಯಿತು. ಕಾಕು ಹೋದ ಮೇಲೆ ಕಾಕಾ ಒಬ್ಬರೇ ಆದರು. ಮಗಳು ವಾರವಾರ ಬಂದು ಶಂಶಾಬಾದಿಗೆ ಕರೆದರೂ ಹೋಗಲಿಲ್ಲ. ಹೊಸ ಫ್ಲಾಟಿನ ಲಿಫ್ಟು ಇನ್ನೂ ಪಾಸಾಗಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದ್ದರು.

ಹೋದ ವಾರ ಅವರ ಕಪಾಟನ್ನು ಹೊರಗೆ ತಂದಾಗ ಒಳಗೆ ಒಂದು ತುಂಬುತೋಳಿನ ಅಂಗಿ ನೇತಾಡುತ್ತಿತ್ತು. ಜೇಬಿನಲ್ಲಿ ಸೀಮೆಸುಣ್ಣದ ತುಂಡು. ಈಗ ಅದನ್ನು ತೆಗೆದಿಟ್ಟು ಬೈಯುವವರೂ ಇಲ್ಲ. ಅದರಲ್ಲೇ ಕೋಲಿನ ಮೇಲೆ ಗೆರೆ ಎಳೆದೆ. ರಬ್ಬರ್ ಹಾಳೆಯನ್ನು ಮಡಿಕೆ ಬೀಳದಂತೆ ಹಾಸಿ, ಕಪಾಟನ್ನು ಮುಂದಿನ ಹಲಗೆಗೆ ಅಂಟಿಸಿ ಮಲಗಿಸಿ, ಎದುರು ಬದುರು ಮೂಲೆಗೆ ಹಗ್ಗ ಬಿಗಿದೆ. ಕೋಲು ನಿಲ್ಲಿಸಿ ನೋಡಿದೆ. ಮುಂದಿನ ಅಂಚು ಗೆರೆಯಿಂದ ಚೂರು ಇಳಿದಿತ್ತು. ಕೋಲು ಹಿಡಿದುಕೊಂಡೇ ಎದುರುಮನೆಯ ಬಾಗಿಲ ಕಡೆ ನೋಡಿದೆ. ಬೀಗ ಹಾಕಿದ್ದೂ ನಾನೇ, ಆದರೂ ನೋಡಿದೆ.

ಊರು ದಾಟುವ ಮುಂಚೆ ನಿಲ್ಲಿಸಿ ಹಗ್ಗವನ್ನು ಮತ್ತೊಮ್ಮೆ ಬಿಗಿದೆ. ಶಂಶಾಬಾದಿನ ದೊಡ್ಡ ರಸ್ತೆಯಲ್ಲಿ ಗಾಡಿ ತೂಕವಾಗಿ, ನೆಟ್ಟಗೆ ಹೋಗುತ್ತಿತ್ತು. ಹಿಂದೆ ಏನೂ ಅಲುಗಲಿಲ್ಲ. ಎಡಕ್ಕೆ ತಿರುಗಿ ನೋಡಿದೆ. ಸೀಟಿನ ಮೇಲೆ ಬಿಸಿಲು ಬಿದ್ದಿತ್ತು, ಅಲ್ಲಿ ನಿದ್ದೆ ಮಾಡುವವರು ಯಾರೂ ಇರಲಿಲ್ಲ.